ಕೇಳುವವರಿಲ್ಲದ ದೂರಶಿಕ್ಷಣ

ಕೊರೋನಾ ಕಾಲದ ಆನ್‌ಲೈನ್ ತರಗತಿಗಳು ಏಕೆ ಸೋತವು ಎಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ನೆಟ್‌ವರ್ಕ್ ಇರಲಿಲ್ಲ, ಮೊಬೈಲ್ ಇರಲಿಲ್ಲ, ಕರೆಂಟ್ ಇರಲಿಲ್ಲ. ಇದು ಸುಳ್ಳಲ್ಲ. ಆದರೆ ನೆಟ್‌ವರ್ಕ್ ಚೆನ್ನಾಗಿದ್ದ, ಮನೆಗೆರಡು ಮೊಬೈಲ್ ಇದ್ದ ಬಡಾವಣೆಗಳ ಮಕ್ಕಳೂ ಕ್ಯಾಮೆರಾ ಆರಿಸಿ ಮಲಗಿಬಿಟ್ಟರಲ್ಲ, ಅದಕ್ಕೆ ಯಾವ ಟವರಿನ ಮೇಲೆ ತಪ್ಪು ಹೊರಿಸುತ್ತೀರಿ? ಆ ಮಕ್ಕಳಿಗೆ ಪಾಠ ತಲುಪಿತ್ತು. ಆದರೆ ಯಾರೂ ಅವರನ್ನು ಏನನ್ನೂ ಕೇಳಲಿಲ್ಲ.

2020ರ ಜೂನ್‌ನಲ್ಲಿ ರಾಜ್ಯ ಸರಕಾರ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ನೀಡಿತು. ಮಗು ಎಷ್ಟು ಹೊತ್ತು ಪರದೆಯ ಮುಂದೆ ಕುಳಿತುಕೊಳ್ಳಬಹುದು ಎಂದು ದೊಡ್ಡವರು ತಿಂಗಳುಗಟ್ಟಲೆ ಲೆಕ್ಕ ಹಾಕಿದರು. ಕುಳಿತ ಮಗು ಅಲ್ಲಿ ಏನು ಮಾಡಬೇಕು ಎಂಬುದು ಯಾರ ಚರ್ಚೆಯಲ್ಲೂ ಬರಲಿಲ್ಲ. 2021ರ ಫೆಬ್ರವರಿಯಲ್ಲಿ ಅಝೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನ ಹೊರಬಂತು. ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ, 2ರಿಂದ 6ನೆಯ ತರಗತಿಯ 16,000ಕ್ಕೂ ಹೆಚ್ಚು ಸರಕಾರಿ ಶಾಲಾ ಮಕ್ಕಳಲ್ಲಿ ಸರಾಸರಿ ಶೇ. 92 ಮಂದಿ ಹಿಂದಿನ ವರ್ಷ ಕಲಿತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ, ಶೇ. 82 ಮಂದಿ ಗಣಿತದ ಒಂದು ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಪರೀಕ್ಷಿಸಿದ ಭಾಷಾ ಸಾಮರ್ಥ್ಯಗಳಲ್ಲಿ ಒಂದು, ಚಿತ್ರವೊಂದನ್ನು ನೋಡಿ ಸ್ವಂತ ಮಾತಿನಲ್ಲಿ ವಿವರಿಸುವುದು. ಒಂದು ವರ್ಷ ಮನೆಯಲ್ಲಿದ್ದ ಮಗು ಮಾತಾಡುವುದನ್ನು ನಿಲ್ಲಿಸಿರಲಿಲ್ಲ. ಕಂಡದ್ದನ್ನು ಕ್ರಮವಾಗಿ ಹೇಳು ಎಂದು ಕೇಳುವವರು ಇರಲಿಲ್ಲ, ಅಷ್ಟೆ.

ಈ ಕೇಳುವ ಕೆಲಸಕ್ಕೆ ಒಂದು ಕ್ರಮವಿದೆ. ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಪ್ರಾಜೆಕ್ಟ್ ಝೀರೋ' ಎಂಬ ಸಂಶೋಧನಾ ಕೇಂದ್ರದವರು ತರಗತಿಗೆಂದು ಕೆಲವು ಸಣ್ಣ ಪ್ರಶ್ನಾಕ್ರಮಗಳನ್ನು ರೂಪಿಸಿದರು. ಅವಕ್ಕೆ 'ಥಿಂಕಿಂಗ್ ರೂಟೀನ್' ಎಂದು ಹೆಸರು. ನಾವು ಆಲೋಚನೆಯ ರೂಢಿ ಎನ್ನೋಣ. ಹೆಚ್ಚು ಬಳಕೆಯಲ್ಲಿರುವುದು ಮೂರು ಪ್ರಶ್ನೆಗಳದ್ದು: ಏನು ಕಾಣಿಸುತ್ತದೆ? ಅದರಿಂದ ಏನನಿಸುತ್ತದೆ? ಇನ್ನೇನು ತಿಳಿಯಬೇಕೆನಿಸುತ್ತದೆ? ಇನ್ನೊಂದು ಹೀಗಿದೆ: ಒಂದು ಮಾತು ಹೇಳು, ಅದಕ್ಕೆ ಆಧಾರ ಕೊಡು, ನಿನಗೇ ಉಳಿದಿರುವ ಸಂಶಯವನ್ನೂ ಹೇಳು. ಇದಕ್ಕೆ ಆ್ಯಪ್ ಬೇಡ, ಚಂದಾ ಬೇಡ, ಪ್ರತಿ ವಾರ ಮನೆಗೆ ಫೋನ್ ಮಾಡುವ ಮಾರಾಟ ಪ್ರತಿನಿಧಿಯೂ ಬೇಡ. ಬಹುಶಃ ಅದಕ್ಕೇ ಇದನ್ನು ಯಾರೂ ಜಾಹೀರಾತು ಮಾಡಲಿಲ್ಲ.

ದೂರದಿಂದ ಇದು ಆಗದು ಎನ್ನುವವರಿದ್ದಾರೆ. ಏಕಾಗದು? ಬೀಡಿ ಕಟ್ಟುವ ಹೆಂಗಸಿನ ಒಂದು ಚಿತ್ರವನ್ನು ಶಿಕ್ಷಕಿ ವಾಟ್ಸಪ್‌ನಲ್ಲಿ ಕಳುಹಿಸಲಿ. ಮೊದಲ ದಿನ ಕಣ್ಣಿಗೆ ಕಂಡದ್ದಷ್ಟೇ: ಮೊರ, ಎಲೆ, ಕತ್ತರಿ, ನೂಲು. 'ಬಡ ಹೆಂಗಸು' ಎಂದು ಬರೆದ ಮಗುವಿಗೆ ಮರುಪ್ರಶ್ನೆ ಹೋಗಬೇಕು: ಬಡತನ ನಿನಗೆ ಚಿತ್ರದಲ್ಲಿ ಎಲ್ಲಿ ಕಂಡಿತು? ಮಗು ಮತ್ತೆ ಚಿತ್ರ ನೋಡುತ್ತದೆ. ಎರಡನೆಯ ಸಲ ನೋಡುವ ಆ ಗಳಿಗೆಯೇ ಪಾಠ. ಉತ್ತರಗಳು ಗುಂಪಿಗೆ ಬರಕೂಡದು. ಗುಂಪಿಗೆ ಬಂದರೆ ಮೊದಲನೆಯವನ ಉತ್ತರವನ್ನೇ ಉಳಿದ ಮೂವತ್ತು ಮಂದಿ ನಕಲು ಮಾಡುತ್ತಾರೆ. ಶಿಕ್ಷಕಿಗೆ ಪ್ರತ್ಯೇಕವಾಗಿ ಬರಲಿ, ಅರ್ಧ ನಿಮಿಷದ ಧ್ವನಿಸಂದೇಶವಾದರೂ ಸಾಕು. ಎಲ್ಲ ಬಂದ ಮೇಲೆ ಅವರು ಒಟ್ಟಿಗೆ ಹಂಚಲಿ. ಅಪ್ಪನ ಮೊಬೈಲ್ ರಾತ್ರಿಯೇ ಮನೆಗೆ ಬರುವುದಾದರೆ ಎರಡು ದಿನ ಗಡುವು ಕೊಡಿ. ನಿಜ ಹೇಳಬೇಕೆಂದರೆ, ತರಗತಿಯಲ್ಲಿ ಮುಂದಿನ ಬೆಂಚಿನವನ ಕೈ ಎದ್ದಾಗ ಬಾಯಿ ಮುಚ್ಚಿಕೊಳ್ಳುವ ಹುಡುಗಿಗೆ ಈ ಎರಡು ದಿನ ಒಂದು ವರದಾನ. ಮೂರನೆಯ ಪ್ರಶ್ನೆಗೆ ಬಂದಾಗ, ಸಾವಿರ ಬೀಡಿಗೆ ಇಷ್ಟೇ ಕೂಲಿ ಎಂದು ನಿಗದಿ ಮಾಡುವವರು ಯಾರು ಎಂದು ಒಬ್ಬಳಾದರೂ ಕೇಳುತ್ತಾಳೆ. ಆಗ ಸಮಾಜ ವಿಜ್ಞಾನದ ಪುಸ್ತಕ ತೆರೆಯಲು ಒಂದು ಕಾರಣ ಸಿಕ್ಕಂತಾಯಿತು.

ಇದನ್ನೂ ಕೆಡಿಸುವ ದಾರಿ ನಮಗೆ ಗೊತ್ತಿದೆ. ಮೂರು ಕಲಮಿನ ಒಂದು ನಮೂನೆ ಮಾಡಿ, 'ಭರ್ತಿ ಮಾಡಿ ಕಳುಹಿಸಿ' ಎಂದು ಆದೇಶ ಹೊರಡಿಸಿದರೆ ಮುಗಿಯಿತು. ಮುಂದಿನ ವರ್ಷ 'ನಿನಗೆ ಏನನಿಸುತ್ತದೆ' ಎಂಬುದಕ್ಕೂ ಗೈಡಿನಲ್ಲಿ ಸಿದ್ಧ ಉತ್ತರ ಬರುತ್ತದೆ!

ಅಮೆರಿಕದ ಸರಕು ನಮಗೇಕೆ ಎಂಬ ಆಕ್ಷೇಪವನ್ನು ನಮ್ಮವರೇ ಎತ್ತುವುದು ನನಗೆ ಸೋಜಿಗ. ಅಪರಿಚಿತನ ರೂಪದಲ್ಲಿ ಬಂದ ಜಿಬ್ರೀಲ್ ಪ್ರವಾದಿಯವರ(ಸ) ಮುಂದೆ ಕುಳಿತು ಒಂದೊಂದಾಗಿ ಪ್ರಶ್ನೆ ಕೇಳಿದ ಹದೀಸನ್ನು ಮದ್ರಸದ ಮಕ್ಕಳೂ ಬಲ್ಲರು. ಕೇಳಿದವನು ಕಲಿಸಲು ಬಂದಿದ್ದ ಎಂದು ಪ್ರವಾದಿಯವರೇ ಆಮೇಲೆ ತಿಳಿಸಿದರು. ಇಮಾಂ ಅಬೂ ಹನೀಫಾರು ತಮ್ಮ ಶಿಷ್ಯರ ಮುಂದೆ ಸಮಸ್ಯೆಯೊಂದನ್ನಿಟ್ಟು, ಅವರು ತಮ್ಮೊಡನೆಯೇ ವಾದಿಸಲು ಬಿಡುತ್ತಿದ್ದರು. ಇಂಥ ಪರಂಪರೆಯ ವಾರಸುದಾರರ ಮನೆಯಲ್ಲಿ ಇಂದು ಮಗಳು 'ಏಕೆ' ಎಂದರೆ ಅದು ಅಧಿಕಪ್ರಸಂಗ.

ಈ ಮಗಳ ವಿಷಯಕ್ಕೇ ಬರಬೇಕು. ದೂರಶಿಕ್ಷಣ ನಮ್ಮ ಸಮುದಾಯಕ್ಕೆ ಕೊರೋನಾದೊಂದಿಗೆ ಮುಗಿದ ಕಥೆಯಲ್ಲ. ಮದುವೆಯಾಗಿ ಕಾಲೇಜು ಬಿಟ್ಟವಳು, ತಮ್ಮಂದಿರ ಓದಿಗಾಗಿ ಹೊಲಿಗೆ ಯಂತ್ರದ ಮುಂದೆ ಕುಳಿತವಳು, 2022ರ ಫೆಬ್ರವರಿ 5ರ ಸರಕಾರಿ ಆದೇಶದ ನಂತರ ಶಿರವಸ್ತ್ರಕ್ಕಾಗಿ ಕಾಲೇಜಿನ ಗೇಟಿನಿಂದ ಹಿಂದಿರುಗಿದವಳು - ಇಂಥವರಿಗೆಲ್ಲ ನಾವು ತೋರಿಸುವ ಬಾಗಿಲು ಇದೊಂದೇ. ಅವರನ್ನು ಹೊರಗಟ್ಟಿದವರ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ನಾವು ಮಾಡಿದ್ದೇನು? 'ಹೇಗೂ ಮನೆಯಲ್ಲೇ ಕುಳಿತು ಡಿಗ್ರಿ ಮಾಡಬಹುದಲ್ಲ' ಎಂದು ಸಮಾಧಾನ ಹೇಳಿದೆವು. ಅವಳ ಕೈಗೆ ಪುಸ್ತಕದ ಕಟ್ಟು ಬಂತು. ಅಸೈನ್‌ಮೆಂಟನ್ನು ಹಿಂದಿನ ವರ್ಷದವಳ ಪ್ರತಿ ನೋಡಿ ಬರೆದಳು. ಪರೀಕ್ಷೆಗೆ ವಾರವಿರುವಾಗ ಗೈಡು ಕೊಂಡಳು. ಮೂರು ವರ್ಷದಲ್ಲಿ ಒಬ್ಬರಾದರೂ ಅವಳಿಗೆ ಫೋನ್ ಮಾಡಿ, ಈ ಪಾಠದ ಬಗ್ಗೆ ನಿನ್ನ ಅಭಿಪ್ರಾಯವೇನಮ್ಮಾ ಎಂದು ಕೇಳಿದರೇ? ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 2013-14ರಿಂದ ಕಳೆದುಕೊಂಡಿದ್ದ ಮಾನ್ಯತೆಯನ್ನು 2018ರಲ್ಲಿ ಮರಳಿ ಪಡೆಯಿತು. ಪದವಿ ಪತ್ರ ನಡೆಯುತ್ತದೆಯೇ ಇಲ್ಲವೇ ಎಂಬ ಆತಂಕ ಆ ವರ್ಷಗಳಲ್ಲಿ ಸಹಜವಾಗಿತ್ತು. ಪತ್ರ ಮತ್ತೆ ನಡೆಯತೊಡಗಿದ ಮೇಲೂ ನಮ್ಮ ಕಾಳಜಿ ಪತ್ರದ ಆಚೆಗೆ ಹೋಗಲಿಲ್ಲ.

ಜಮಾಅತ್‌ಗಳೂ ಟ್ರಸ್ಟ್‌ಗಳೂ ಪ್ರತಿ ವರ್ಷ ವಿದ್ಯಾರ್ಥಿವೇತನದ ಚೆಕ್ ಹಂಚಿ ಫೋಟೋ ತೆಗೆಸಿಕೊಳ್ಳುತ್ತವೆ. ಹಂಚಲಿ. ಆದರೆ ಅದೇ ಊರಿನಲ್ಲಿ ಬಿ.ಎಡ್. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳಿದ್ದಾರೆ. ಅಂಥ ಒಬ್ಬಳಿಗೆ ಗೌರವಧನ ಕೊಟ್ಟು, ದೂರಶಿಕ್ಷಣದಲ್ಲಿರುವ ಹತ್ತು ಮಂದಿಯ ಹೊಣೆ ವಹಿಸಲಿ. ವಾರಕ್ಕೊಮ್ಮೆ ಒಬ್ಬೊಬ್ಬರಿಗೆ ಹದಿನೈದು ನಿಮಿಷದ ಫೋನ್: ಈ ವಾರ ಏನು ಓದಿದೆ, ಅದರಲ್ಲಿ ನೀನು ಒಪ್ಪದ ಮಾತು ಯಾವುದು, ಅದಕ್ಕೆ ಆಧಾರವೇನು? ಈ ಖರ್ಚು ವಾರ್ಷಿಕ ಸಮಾರಂಭದ ಶಾಮಿಯಾನದ ಬಾಡಿಗೆಗಿಂತ ಎಷ್ಟು ಹೆಚ್ಚಾದೀತು ಎಂದು ಮುಂದಿನ ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಲಿ.