ತಪ್ಪು ಹೇಳಿದ್ದೋ, ಸುಳ್ಳು ಹೇಳಿದ್ದೋ?

1956ರಲ್ಲಿ ಒಂದಾದ ನಮ್ಮ ನಾಡಿಗೆ ಆಗ ಇದ್ದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ರಾಜ್ಯೋತ್ಸವದ ವೇದಿಕೆಯಲ್ಲಿ ಯಾರಾದರೂ '1956ರಲ್ಲೇ ಕರ್ನಾಟಕ ಎಂದು ನಾಮಕರಣವಾಯಿತು' ಎಂದರೆ ಅವರು ಮಾಡಿದ್ದೇನು? ಸುಳ್ಳು ಹೇಳಿದರೇ, ಇತಿಹಾಸ ತಿರುಚಿದರೇ, ತಪ್ಪು ಹೇಳಿದರೇ? ಈಚೆಗೆ ನಮ್ಮ ಜಗಳಗಳೆಲ್ಲ ಮೊದಲ ಎರಡು ಕ್ರಿಯಾಪದಗಳಲ್ಲೇ ನಡೆಯುತ್ತವೆ. 'ತಪ್ಪು ಹೇಳಿದರು' ಎಂಬುದು ತೀರಾ ಸಪ್ಪೆ ಅನ್ನಿಸತೊಡಗಿದೆ. ಆ ಮಾತನ್ನು ಉಳಿಸಿಕೊಳ್ಳದಿದ್ದರೆ ಸುಳ್ಳನ್ನು ಸುಳ್ಳೆಂದು ಕರೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತೇವೆ ಎಂಬುದು ನನ್ನ ವಾದ.

ಕನ್ನಡದಲ್ಲಿ ಬಸ್ಸು ತಪ್ಪುತ್ತದೆ, ಗುರಿ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ. ಮುಟ್ಟಬೇಕಾದ್ದನ್ನು ಮುಟ್ಟಲಿಲ್ಲ ಎಂಬುದಷ್ಟೇ ಅಲ್ಲಿನ ಅರ್ಥ, ಕಪಟದ ಸೊಲ್ಲಿಲ್ಲ. ಕೊಟ್ಟ ಮಾತಿಗೆ ತಪ್ಪಿದವನನ್ನು ದೂರುತ್ತೇವೆ ನಿಜ, ಆದರೆ ಸುಳ್ಳುಗಾರ ಎನ್ನಬೇಕಾದರೆ ಮಾತು ಕೊಡುವಾಗಲೇ ಅವನಿಗೆ ನಡೆಸುವ ಮನಸ್ಸಿರಲಿಲ್ಲ ಎಂದು ತೋರಿಸಬೇಕು. 'ತಿರುಚು' ಇನ್ನೂ ಗಟ್ಟಿ ಆರೋಪ. ಕೈ ತಾನಾಗಿ ತಿರುಚಿಕೊಳ್ಳುವುದಿಲ್ಲ, ಇನ್ನೊಬ್ಬರು ಹಿಡಿದು ಬಲ ಹಾಕಬೇಕು. ಕಡತದಲ್ಲಿರುವ 12 ಎಕರೆಯನ್ನು ಅವಸರದಲ್ಲಿ 21 ಎಂದು ಓದಿದರೆ ತಪ್ಪು. 12 ಎಂದು ಕಂಡೂ 21 ಎಂದು ಓದಿದರೆ ಸುಳ್ಳು. ಕೇಳಿದವರ ಕಿವಿಗೆ ಎರಡೂ ಒಂದೇ, ವ್ಯತ್ಯಾಸವಿರುವುದು ಹೇಳಿದವರ ಅರಿವಿನಲ್ಲಿ. ಕಾನೂನು ಹಿಡಿಯುವ ಎಳೆಯೂ ಇದೇ. ಭಾರತೀಯ ನ್ಯಾಯ ಸಂಹಿತೆಯ 227ನೇ ಕಲಮಿನಂತೆ ಸಾಕ್ಷಿ ಹೇಳಿದ್ದು ನಿಜವಲ್ಲ ಎಂದಷ್ಟೇ ತೋರಿಸಿದರೆ ಸಾಲದು, ಅದು ನಿಜವೆಂದು ಆತ ನಂಬಿರಲಿಲ್ಲ ಎಂಬುದೂ ತಿಳಿಯಬೇಕು.

ಹೀಗೆಂದರೆ ಸುಳ್ಳುಗಾರರಿಗೆ ನುಸುಳಲು ಕಿಂಡಿ ಕೊಟ್ಟಂತಲ್ಲವೇ, 'ಬಾಯ್ತಪ್ಪಿ ಬಂತು' ಎಂದು ಎಲ್ಲರೂ ಪಾರಾಗುವುದಿಲ್ಲವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಪುರಾವೆಯಿಲ್ಲದೆ 'ಸುಳ್ಳು' ಎಂದಾಗ ಸಿಗುವ ಕಿಂಡಿ ಇದಕ್ಕಿಂತ ದೊಡ್ಡದು. ಚರ್ಚೆ ಕೂಡಲೇ ಇಸವಿಯನ್ನು ಬಿಟ್ಟು ಮಾನಾಪಮಾನಕ್ಕೆ ಹೊರಳುತ್ತದೆ, ತಪ್ಪು ಅಂಕಿ ಹಾಗೇ ಉಳಿಯುತ್ತದೆ. 'ತಪ್ಪು ಹೇಳಿದರು' ಎಂಬುದನ್ನು ಮಾತ್ರ ದಾಖಲೆ ತೆರೆದು ಅಲ್ಲೇ ತೋರಿಸಬಹುದು, ಯಾರ ಮನಸ್ಸನ್ನೂ ಬಗೆಯಬೇಕಿಲ್ಲ. ಬಾಯ್ತಪ್ಪಿ ಬಂದದ್ದೇ ಆದರೆ ತಿದ್ದಿಕೊಳ್ಳಲು ಕಷ್ಟವೇನು? ದಾಖಲೆ ಕೈಗಿತ್ತ ಮೇಲೂ ಮುಂದಿನ ವೇದಿಕೆಯಲ್ಲಿ ಅದನ್ನೇ ಹೇಳಿದವರ ಬಗ್ಗೆ 'ಸುಳ್ಳು ಹೇಳಿದರು' ಎಂದು ಬರೆಯಲು ಪತ್ರಿಕೆಗಳು ಹಿಂಜರಿಯಬಾರದು. ಅಲ್ಲಿಯವರೆಗೆ 'ತಪ್ಪು ಹೇಳಿದರು' ಎಂದೇ ಬರೆಯಲಿ, ಅದೇ ಸಾಲಿನಲ್ಲಿ 1973 ಎಂದೂ ಅಚ್ಚಾಗಲಿ.