ಹನ್ನೊಂದು ಮಂದಿ ಸಿಗಬೇಕಲ್ಲ ಮಾಮಾ

ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಅಲ್ಲಿ ಫುಟ್‌ಬಾಲ್ ಪ್ರತಿ ಪೇಟೆಯ ಮಾನದ ಪ್ರಶ್ನೆ. ಕುಸ್ತಿಯ ತಾಲೀಮುಗಳ ಹೆಸರಲ್ಲೇ ತಂಡಗಳಿವೆ. ಪಾಟಾಕಡೀಲ ತಾಲೀಮಿನ ಮ್ಯಾಚ್ ಇದ್ದ ದಿನ ನಮ್ಮ ಕಡೆಯ ಹುಡುಗರೂ ಬೈಕ್ ಹತ್ತಿ ಶಾಹು ಸ್ಟೇಡಿಯಂಗೆ ಹೋಗ್ತಾರೆ. ಈ ಹುಚ್ಚು ನಿಪ್ಪಾಣಿಯ ನಮ್ಮ ಅಕ್ಕನ ಮನೆಗೂ ಬಂದಿದೆ. ಹಿಡಿದಿರೋದು ಮಾತ್ರ ಮಗನಿಗಲ್ಲ, ಎಂಟನೇ ಕ್ಲಾಸಿನ ಮಗಳಿಗೆ.

ದೀಪಾವಳಿಗೆ ಊರಿಗೆ ಹೋದಾಗ ಓಣಿಯ ಹುಡುಗರ ಜೊತೆ ಅವಳು ಆಡೋದನ್ನ ನೋಡಿದೆ. ಚೆಂಡು ಕಾಲಿಗೆ ಬಂದರೆ ನೇರ ಗೋಲಿನ ಕಡೆಗೇ ಓಟ. ಪಕ್ಕಾ ಫಾರ್ವರ್ಡ್. "ಶಾಲೆ ಟೀಮಿನ್ಯಾಗ ಅದಿಯೇನ?" ಅಂತ ಕೇಳಿದೆ. "ಹುಡುಗ್ಯಾರ ಟೀಮ್ ಎಲ್ಲೈತಿ? ಹನ್ನೊಂದು ಮಂದಿ ಸಿಗಬೇಕಲ್ಲ ಮಾಮಾ!" ಅಂದಳು.

ಅವತ್ತು ರಾತ್ರಿ ಅವಳಿಗೆ ಫೋನಿನಲ್ಲಿ ಬಾಲಾ ದೇವಿಯವರ ವಿಡಿಯೊ ತೋರಿಸಿದೆ. ಮಣಿಪುರದವರು, ಅವರೂ ಚಿಕ್ಕಂದಿನಲ್ಲಿ ಹುಡುಗರ ಜೊತೆಗೇ ಆಡಿದವರು. 2005ರಲ್ಲಿ, ಹದಿನೈದನೇ ವಯಸ್ಸಿಗೆ ಭಾರತ ತಂಡ ಸೇರಿದರು. ಆಮೇಲೆ ಮಣಿಪುರ ಪೊಲೀಸ್‌ನಲ್ಲಿ ನೌಕರಿ, ಅದರ ಜೊತೆಗೇ ಆಟ. ಆದರೆ ಆಡೋದು ಯಾವ ಮ್ಯಾಚು? 2009ರಲ್ಲಿ ಫಿಫಾ ನಮ್ಮ ಮಹಿಳಾ ತಂಡವನ್ನ ರ‍್ಯಾಂಕಿಂಗ್ ಪಟ್ಟಿಯಿಂದಲೇ ತೆಗೆದುಹಾಕಿತ್ತು. ಕಾರಣ ಸೋಲಲ್ಲ, ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ತಂಡ ಮ್ಯಾಚೇ ಆಡಿರಲಿಲ್ಲ! ದೇಶದ ಮಹಿಳಾ ಲೀಗ್ ಶುರುವಾದದ್ದು 2017ರಲ್ಲಿ. ಆ ಫೆಬ್ರವರಿಗೆ ಬಾಲಾ ಅವರಿಗೆ 27 ತುಂಬಿತು. ಫಾರ್ವರ್ಡ್ ಆಟಗಾರ್ತಿಯ ಕಾಲಲ್ಲಿ ವೇಗ ಇರೋ ಒಳ್ಳೆ ವರ್ಷಗಳು ಲೀಗ್ ಇಲ್ಲದೇ ಹೋಗಿಬಿಟ್ಟಿದ್ದವು. ನನಗೆ ಹೊಟ್ಟೆ ಉರಿಯೋದು ಇಲ್ಲೇ.

ಲೀಗ್ ಸಿಕ್ಕ ಮೇಲೆ ನೋಡಿ, 2018-19ರ ಒಂದೇ ಸೀಸನ್‌ನಲ್ಲಿ 26 ಗೋಲು.

ಮುಂದಿನ ಬಾಗಿಲು ತೆರೆದದ್ದು ನಮ್ಮ ಬೆಂಗಳೂರಿನ ಮೂಲಕ. 2019ರಲ್ಲಿ ಬೆಂಗಳೂರು ಎಫ್‌ಸಿ ಮತ್ತು ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ನಡುವೆ ಒಪ್ಪಂದ ಆಯಿತು. ಆ ನಂಟಿನಿಂದ ಗ್ಲಾಸ್ಗೋದಲ್ಲಿ ಟ್ರಯಲ್, 2020ರ ಜನವರಿಯಲ್ಲಿ ಹದಿನೆಂಟು ತಿಂಗಳ ಕಾಂಟ್ರಾಕ್ಟ್, 10ನೇ ನಂಬರಿನ ಜೆರ್ಸಿ. ಆಗ ವಯಸ್ಸು ಮೂವತ್ತರ ಹೊಸ್ತಿಲು. ಸೇರಿದ ಕೆಲವೇ ವಾರಕ್ಕೆ ಕೊರೊನಾ, ಮತ್ತೆ ಆಟ ಬಂದ್. ಕೊನೆಗೆ ಡಿಸೆಂಬರ್ 6ರಂದು ಮದರ್‌ವೆಲ್ ವಿರುದ್ಧ ರೇಂಜರ್ಸ್ 9-0ಯಿಂದ ಗೆದ್ದ ಪಂದ್ಯದಲ್ಲಿ ಅವರ ಮೊದಲ ಗೋಲು ಬಂತು. ಅಕ್ಕನ ಮಗಳು ಆ ಗೋಲನ್ನ ಆರು ಸಲ ನೋಡಿದಳು.

ಮಹಿಳೆಯರ ಆಟಕ್ಕೆ ಅಡ್ಡಗಾಲು ಹಾಕಿದ್ದು ನಾವು ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಮದ್ದುಗುಂಡಿನ ಕಾರ್ಖಾನೆಯ ಹೆಣ್ಣುಮಕ್ಕಳು ಬಿಡುವಿನಲ್ಲಿ ಚೆಂಡು ಒದೀತಾ ತಂಡ ಕಟ್ಟಿದರು. ಹೆಸರು ಡಿಕ್ ಕೆರ್ ಲೇಡೀಸ್. 1920ರ ಡಿಸೆಂಬರ್ 26ಕ್ಕೆ ಅವರ ಮ್ಯಾಚಿಗೆ ಬಂದವರು 53,000 ಜನ. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳಲ್ಲಿ ಹೆಣ್ಣುಮಕ್ಕಳು ಆಡಬಾರದು ಅಂತ ನಿಷೇಧ ಹಾಕಿತು. ಅದು ಸುಮಾರು ಐವತ್ತು ವರ್ಷ ಇತ್ತು. ಅದೇ ತಂಡದ ಎಡಗಾಲಿನ ಫಾರ್ವರ್ಡ್ ಲಿಲಿ ಪಾರ್, ಸಿಕ್ಕ ಸಿಕ್ಕ ಬಯಲಲ್ಲಿ 1951ರವರೆಗೂ ಆಡಿದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ.

ಬೀಡಿ ಕಟ್ಟಿ ಮನೆ ನಡೆಸಿದ ನಮ್ಮ ಆಯಿ ಇದನ್ನೆಲ್ಲ ಕೇಳಿಸಿಕೊಂಡು, "ಬಿಡುವಿನ್ಯಾಗ ಆಡ್ತಿದ್ರಾ? ನಮಗ ಉಣ್ಣಾಕೂ ಪುರುಸೊತ್ತ ಇರಲಿಲ್ಲಪಾ" ಅಂದಳು.

ಈಗ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಮಹಿಳಾ ಲೀಗಿನ ಫೈನಲ್ ಆಡಿದೆ. ಅಂದರೆ ರಾಜ್ಯದಲ್ಲಿ ದಾರಿ ಇಲ್ಲ ಅಂತೇನಿಲ್ಲ. ಇದನ್ನೇ ಅಕ್ಕನಿಗೆ ಉತ್ಸಾಹದಿಂದ ಹೇಳಿದೆ, ಹುಡುಗಿಯ ಆಟ ಬಿಡಿಸಬೇಡ ಅಂದೆ. ಅವಳು ರೊಟ್ಟಿ ತಟ್ಟೋದು ನಿಲ್ಲಿಸದೇ, "ನೀ ಬೆಂಗಳೂರಾಗ ಕುಂತು ಹೇಳ್ತಿ. ಆಟ ಮುಗಿಸಿ ಕತ್ತಲಾಗ ಬರೋ ಹುಡುಗೀನ ಕರಕೊಂಡ ಬರೋರು ಯಾರು, ಅದನ್ನ ಹೇಳು ಮೊದಲ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೋದ ವಾರ ಅಕ್ಕನ ಮಗಳ ಫೋನ್ ಬಂತು. "ಮಾಮಾ, ಏಳು ಮಂದಿ ಆಗೇವಿ. ಅವ್ವ ಐತವಾರ ಮುಂಜಾನೆ ಅಷ್ಟ ಬಿಡ್ತೀನಿ ಅಂದಾಳ. ನೀ ಒಂದು ಚೊಲೋ ಬಾಲ್ ಕಳಿಸು. ಐದನೇ ಸೈಜಿಂದ, ಮರೀಬ್ಯಾಡ."