ಬ್ರಾಡ್‌ಬ್ಯಾಂಡನ್ನು ಎಲ್ಲಿ ನಿಂತು ಅಳೆಯಬೇಕು?

೧೯೦೨ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಮೊದಲು ಹರಿದುದು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಆ ತಂತಿಗಳು ಹಾದುಹೋದ ಹಾದಿಯ ಹಳ್ಳಿಗಳಲ್ಲಿ, ಮನೆಮನೆಯಲ್ಲಿಯೂ ದೀಪ ಹತ್ತಲು ಇನ್ನೂ ಎಷ್ಟೋ ದಶಕಗಳು ಬೇಕಾದುವು. ಹೊಸ ತಂತ್ರವಿದ್ಯೆಯು ಮೊದಲು ಹಣವಿದ್ದಲ್ಲಿಗೆ ಹೋಗುವುದು ಸಹಜ. ಅದನ್ನು ದೂಷಿಸಿ ಫಲವಿಲ್ಲ. ಆದರೆ ಆಮೇಲೆ ಅದು ಯಾರ ಮನೆಗೆ, ಎಷ್ಟು ಬೇಗ, ಎಂತಹ ರೂಪದಲ್ಲಿ ತಲುಪಬೇಕೆಂಬುದನ್ನು ನಿರ್ಧರಿಸುವುದು ಸರ್ಕಾರದ ನೀತಿ.

ವಿದ್ಯುತ್ತಿನ ಚರಿತ್ರೆಯಲ್ಲಿ ನಾವು ಕಲಿಯಬೇಕಾದ ಪಾಠ ಇನ್ನೊಂದಿದೆ. ೨೦೦೪ರಲ್ಲಿ ಕೇಂದ್ರ ಸರ್ಕಾರವು ಮಾಡಿದ ನಿರೂಪಣೆಯಂತೆ, ಒಂದು ಗ್ರಾಮದ ಶಾಲೆ, ಪಂಚಾಯಿತಿ ಕಚೇರಿ ಮೊದಲಾದ ಸಾರ್ವಜನಿಕ ಸ್ಥಳಗಳಿಗೂ ಶೇಕಡ ೧೦ರಷ್ಟು ಮನೆಗಳಿಗೂ ವಿದ್ಯುತ್ತು ಬಂದರೆ ಆ ಗ್ರಾಮಕ್ಕೆಲ್ಲ ವಿದ್ಯುತ್ತು ಬಂದಂತೆಯೇ ಲೆಕ್ಕ. ೨೦೧೮ರ ಏಪ್ರಿಲ್ ತಿಂಗಳಲ್ಲಿ ದೇಶದ ಎಲ್ಲ ಗ್ರಾಮಗಳಿಗೂ ವಿದ್ಯುತ್ತು ತಲುಪಿತೆಂದು ಘೋಷಣೆಯಾದಾಗ, ಕತ್ತಲೆಯಲ್ಲಿದ್ದ ಮನೆಗಳು ಇನ್ನೂ ಕೋಟಿಗಳ ಸಂಖ್ಯೆಯಲ್ಲಿ ಉಳಿದಿದ್ದುವು. ೨೦೧೭ರಲ್ಲಿ ಆರಂಭವಾದ ಸೌಭಾಗ್ಯ ಯೋಜನೆಯು ಗ್ರಾಮಗಳಿಗೆ ಬದಲಾಗಿ ಮನೆಗಳನ್ನು ಎಣಿಸತೊಡಗಿದ ಮೇಲೆ ಕೆಲಸವು ಬಹು ಬೇಗ ಸಾಗಿತು. ಏನನ್ನು ಎಣಿಸುತ್ತೇವೆಯೋ ಅದು ನಡೆಯುತ್ತದೆ. ಎಣಿಕೆಗೆ ಬಾರದುದು ಹಿಂದುಳಿಯುತ್ತದೆ.

ಬ್ರಾಡ್‌ಬ್ಯಾಂಡ್ ಎಂದು ಕರೆಯುವ ವೇಗದ ಅಂತರಜಾಲ ಸಂಪರ್ಕವು ಈಗ ಇದೇ ಹಾದಿಯಲ್ಲಿದೆ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ದ್ಯುತಿತಂತುವಿನ, ಎಂದರೆ ಬೆಳಕನ್ನು ಒಯ್ಯುವ ಗಾಜಿನ ಎಳೆಯ, ಸಂಪರ್ಕ ಕೊಡುವ ಯೋಜನೆಗೆ ಕೇಂದ್ರ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟುದು ೨೦೧೧ರ ಅಕ್ಟೋಬರಿನಲ್ಲಿ. ೨೦೧೫ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಎರಡು ಲಕ್ಷಕ್ಕೂ ಮೀರಿದ ಪಂಚಾಯಿತಿಗಳು ಸೇವೆಗೆ ಸಿದ್ಧವಾಗಿವೆಯೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇದು ಸಣ್ಣ ಕೆಲಸವಲ್ಲ. ಆದರೂ ೨೦೨೧ರ ಜೂನಿನಲ್ಲಿ, ಶಾಲೆಗಳು ಮುಚ್ಚಿದ್ದಾಗ, ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಕಡೆಯ ಹಳ್ಳಿಯೊಂದರಲ್ಲಿ ರಸ್ತೆಯ ಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಬಾಲಕಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಪಂಚಾಯಿತಿ ಕಚೇರಿಗೂ ವಿದ್ಯಾರ್ಥಿಯ ಮೇಜಿಗೂ ನಡುವೆ ಉಳಿದಿದ್ದ ದೂರವನ್ನು ಆ ಚಿತ್ರವು ತೋರಿಸಿತು. ೨೦೨೩ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ೧,೩೯,೫೭೯ ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಯು ಹಳ್ಳಿಯ ಮನೆಗಳಿಗೂ ಸಂಪರ್ಕ ಕೊಡುವ ಗುರಿಯನ್ನು ಇಟ್ಟುಕೊಂಡಿದೆ. ಅಷ್ಟರ ಮಟ್ಟಿಗೆ ಇದು ಸರಿಯಾದ ದಿಕ್ಕಿನ ಹೆಜ್ಜೆ.

ಇದು ಹಳ್ಳಿಗಳ ಕಷ್ಟವೆಂದೂ ಬೆಂಗಳೂರಿನಂತಹ ನಗರಕ್ಕೆ ಸಂಬಂಧಿಸಿದುದಲ್ಲವೆಂದೂ ಕೆಲವರು ಭಾವಿಸಬಹುದು. ಅಂತಹವರು ಒಮ್ಮೆ ಉತ್ತರ ಬೆಂಗಳೂರನ್ನು ನೋಡಬೇಕು. ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯುದ್ದಕ್ಕೂ ದೊಡ್ಡ ಕಂಪೆನಿಗಳ ಕಟ್ಟಡಗಳಿವೆ. ಅವುಗಳಿಗೆ ದ್ಯುತಿತಂತುಗಳು ಬೇಕಾದಷ್ಟು ಬಂದಿವೆ. ಆ ರಸ್ತೆಯಿಂದ ಒಳಹೊಕ್ಕು ಆರ್. ಟಿ. ನಗರದ ಹಿಂಬದಿಯ ಓಣಿಗಳಿಗೋ, ಯಶವಂತಪುರದ ಇಕ್ಕಟ್ಟಾದ ಬೀದಿಗಳಿಗೋ, ಯಲಹಂಕದಾಚೆಯ ಹಳ್ಳಿಗಳಿಗೋ ಹೋದರೆ, ಮರದಿಂದ ಮರಕ್ಕೆ, ವಿದ್ಯುತ್ ಕಂಬದಿಂದ ಕಂಬಕ್ಕೆ ಜೋತಾಡುವ ಕರಿಯ ಕೇಬಲ್ಲುಗಳು ಕಾಣುವುವು. ಅವು ತುಂಡಾಗುವುವು; ಅಪಾಯಕರವೆಂದು ಕತ್ತರಿಸಲ್ಪಡುವುವು; ಮರುದಿನ ಮತ್ತೆ ಜೋತುಬೀಳುವುವು. ನಾನು ಪಾಠ ಹೇಳುವ ತರಗತಿಗಳಲ್ಲಿ, ಕೆಲಸದಿಂದ ತಾಯಿ ಮನೆಗೆ ಮರಳಿದ ಮೇಲೆ ಅವರ ಮೊಬೈಲನ್ನು ಪಡೆದು ರಾತ್ರಿ ಓದುವ ವಿದ್ಯಾರ್ಥಿಗಳಿದ್ದಾರೆ. ಅವರ ಮನೆಯಿಂದ ಕೂಗಳತೆಯ ದೂರದಲ್ಲಿ ದ್ಯುತಿತಂತುವು ಹಾದುಹೋಗಿರುತ್ತದೆ.

ಕೊರತೆ ಇರುವುದು ಎಲ್ಲಿ? ಈ ಪ್ರಶ್ನೆಗೆ ಉತ್ತರ ಬೇಕಾದರೆ ದ್ಯುತಿತಂತುವಿನ ಶಕ್ತಿ ಎಷ್ಟೆಂಬುದನ್ನು ಸ್ವಲ್ಪ ತಿಳಿಯಬೇಕು. ಅದು ತಲೆಗೂದಲಿನಷ್ಟು ತೆಳುವಾದ ಗಾಜಿನ ಎಳೆ. ದೂರದ ಸಂಪರ್ಕಕ್ಕೆ ಬಳಸುವ ಎಳೆಯಲ್ಲಿ ಬೆಳಕು ಹರಿಯುವ ಒಳತಿರುಳಿನ ಅಗಲ ಸುಮಾರು ೯ ಮೈಕ್ರೋಮೀಟರು. ತಿರುಳಿನ ವಕ್ರೀಭವನ ಸೂಚ್ಯಂಕವು ಸುತ್ತಲಿನ ಗಾಜಿನದಕ್ಕಿಂತ ತುಸು ಹೆಚ್ಚಾಗಿರುವುದರಿಂದ, ನೀವು ಪಠ್ಯಪುಸ್ತಕದಲ್ಲಿ ಓದಿರುವ ಪೂರ್ಣ ಆಂತರಿಕ ಪ್ರತಿಫಲನದ ತತ್ತ್ವದಂತೆ ಬೆಳಕು ಹೊರಗೆ ಸೋರದೆ ಮುಂದೆ ಸಾಗುವುದು. ೧೯೬೬ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬ ವಿಜ್ಞಾನಿಗಳು, ಗಾಜಿನಲ್ಲಿ ಬೆಳಕು ನಷ್ಟವಾಗಲು ಮುಖ್ಯ ಕಾರಣ ಅದರೊಳಗಿನ ಕಲ್ಮಶಗಳೆಂದೂ, ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ಸಂದೇಶ ಕಳುಹಿಸಬಹುದೆಂದೂ ತೋರಿಸಿಕೊಟ್ಟರು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿಯು ಆ ಗುರಿಯನ್ನು ದಾಟಿತು. ಇಂದಿನ ಗಾಜು ಎಷ್ಟು ಶುದ್ಧವೆಂದರೆ ಬೆಳಕು ೧೫ ಕಿಲೋಮೀಟರು ಸಾಗಿದ ಮೇಲೂ ಅರ್ಧದಷ್ಟು ಉಳಿದಿರುತ್ತದೆ. ಹೆಬ್ಬಾಳದಲ್ಲಿ ಹೊಕ್ಕ ಬೆಳಕಿನಲ್ಲಿ ನೂರಕ್ಕೆ ಅರವತ್ತು ಪಾಲಿಗೂ ಹೆಚ್ಚು ಯಲಹಂಕದಲ್ಲಿ ಹೊರಬರುವುದು. ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬಹುದೂರದ ಮಾರ್ಗಗಳಲ್ಲಿ ಸೊರಗಿದ ಬೆಳಕನ್ನು ಮತ್ತೆ ಬಲಪಡಿಸಲು ಬಳಸುವ ವಿಧಾನಗಳಲ್ಲಿ ಒಂದು, ೧೯೨೮ರಲ್ಲಿ ಸಿ. ವಿ. ರಾಮನ್ ಅವರು ಕಂಡುಹಿಡಿದ ರಾಮನ್ ಪರಿಣಾಮವನ್ನೇ ಆಧರಿಸಿದೆ. ೧೯೪೮ರಲ್ಲಿ ಅವರು ಸ್ಥಾಪಿಸಿದ ಸಂಶೋಧನಾ ಸಂಸ್ಥೆಯು ಹೆಬ್ಬಾಳಕ್ಕೆ ಹೋಗುವ ದಾರಿಯಲ್ಲಿ, ಮೇಖ್ರಿ ವೃತ್ತದ ಸಮೀಪದಲ್ಲಿಯೇ ಇದೆ.

ಇನ್ನು ಹಂಚಿಕೆಯ ಲೆಕ್ಕವನ್ನು ನೋಡೋಣ. ಮನೆಗಳಿಗೆ ಸಂಪರ್ಕ ಕೊಡುವಾಗ ಸಾಮಾನ್ಯವಾಗಿ ವಿನಿಮಯ ಕೇಂದ್ರದಿಂದ ಬಂದ ಒಂದು ಎಳೆಯ ಬೆಳಕನ್ನು ೩೨ ಅಥವಾ ೬೪ ಮನೆಗಳಿಗೆ ಸೀಳುತ್ತಾರೆ. ಬಹಳವಾಗಿ ಬಳಕೆಯಲ್ಲಿರುವ ಒಂದು ವ್ಯವಸ್ಥೆಯಲ್ಲಿ ಆ ಎಳೆಯು ಸೆಕೆಂಡಿಗೆ ಸುಮಾರು ೨,೫೦೦ ಮೆಗಾಬಿಟ್‌ಗಳನ್ನು ತರುತ್ತದೆ. ಅರವತ್ತನಾಲ್ಕು ಮನೆಗಳವರೂ ಒಂದೇ ಕ್ಷಣದಲ್ಲಿ ಪೂರ್ಣವಾಗಿ ಬಳಸಿದರೂ ಒಂದೊಂದು ಮನೆಗೆ ೩೯ ಮೆಗಾಬಿಟ್ ದೊರೆಯಬೇಕು. ಆದುದರಿಂದ ಸಂಜೆಯ ಹೊತ್ತು ಪಾಠದ ಚಿತ್ರವು ನಿಂತುನಿಂತು ಬಂದರೆ ಆ ಗಾಜಿನ ಎಳೆಯನ್ನು ದೂಷಿಸಬಾರದು. ಮನೆಯೊಳಗಿನ ವೈಫೈ ದುರ್ಬಲವಾಗಿರಬಹುದು. ಇಲ್ಲವೆ ಮೇಲಿನ ಹಂತದಲ್ಲಿ ಸೇವಾದಾರರು ಅಗತ್ಯಕ್ಕಿಂತ ಕಡಮೆ ಸಾಮರ್ಥ್ಯವನ್ನು ಇರಿಸಿಕೊಂಡಿರಬಹುದು. ಜಾಹೀರಾತಿನಲ್ಲಿ ‘೧೦೦ ಮೆಗಾಬಿಟ್‌ವರೆಗೆ’ ಎಂದಿರುವಾಗ, ಆ ‘ವರೆಗೆ’ ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ.

ಸರ್ಕಾರದ ಅಳತೆಗೋಲು ಈ ವಿಷಯದಲ್ಲಿ ಏನು ಹೇಳುತ್ತದೆ? ೨೦೦೪ರ ನೀತಿಯಲ್ಲಿ ಸೆಕೆಂಡಿಗೆ ೨೫೬ ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ೨೦೧೩ರಲ್ಲಿ ಅದು ೫೧೨ ಕಿಲೋಬಿಟ್ ಆಯಿತು. ೨೦೨೩ರ ಜನವರಿಯಲ್ಲಿ ೨ ಮೆಗಾಬಿಟ್ ಆಯಿತು. ಆದರೆ ೨೦೧೮ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿಯು ೨೦೨೨ರೊಳಗೆ ಪ್ರತಿಯೊಬ್ಬ ಪ್ರಜೆಗೂ ೫೦ ಮೆಗಾಬಿಟ್ ವೇಗದ ಸಂಪರ್ಕ ಕೊಡುವುದಾಗಿ ಹೇಳಿತ್ತು. ಐವತ್ತನ್ನು ಮುಟ್ಟಬೇಕಾದ ಗಡುವು ಮುಗಿದ ಮರುತಿಂಗಳೇ ಎರಡು ಸಾಕೆಂಬ ನಿರೂಪಣೆಯು ಹೊರಬಂದಿತು. ಅಮೆರಿಕವು ೨೦೨೪ರಲ್ಲಿ ತನ್ನ ಕನಿಷ್ಠ ಮಿತಿಯನ್ನು ೧೦೦ ಮೆಗಾಬಿಟ್‌ಗೆ ಏರಿಸಿತು. ನಾವು ಅಮೆರಿಕವನ್ನು ಅನುಕರಿಸಬೇಕಾದುದಿಲ್ಲ. ನಾವೇ ಬರೆದುಕೊಂಡ ಐವತ್ತನ್ನಾದರೂ ನೆನಪಿಡಬೇಕು.

ಮೊಬೈಲ್ ದತ್ತಾಂಶವು ಇಷ್ಟು ಅಗ್ಗವಾಗಿರುವಾಗ ತಂತಿಯ ಸಂಪರ್ಕವೇಕೆ ಎಂದು ಕೇಳುವವರಿದ್ದಾರೆ. ಖಾಸಗಿ ಸಂಸ್ಥೆಗಳ ಪೈಪೋಟಿಯಿಂದ ೨೦೧೬ರ ಅನಂತರ ಬೆಲೆಗಳು ಬಹಳ ಇಳಿದುದು ನಿಜ, ಅದರಿಂದ ಬಡವರಿಗೆ ಪ್ರಯೋಜನವಾದುದೂ ನಿಜ. ಆದರೆ ಸಂದೇಶ ಸಾಗಿಸುವ ಶಕ್ತಿಯು ದೊರೆಯುವ ಆವರ್ತನ ಪಟ್ಟಿಯ ಅಗಲವನ್ನು ಅವಲಂಬಿಸಿದೆಯೆಂದು ಕ್ಲಾಡ್ ಷ್ಯಾನನ್ ೧೯೪೮ರಲ್ಲಿಯೇ ಗಣಿತದಿಂದ ತೋರಿಸಿದ್ದಾರೆ. ೫ಜಿ ಸೇವೆಯ ಮುಖ್ಯ ಪಟ್ಟಿಯಲ್ಲಿ ಒಂದು ಸಂಸ್ಥೆಗೆ ದೊರೆಯುವ ಅಗಲ ಸಾಮಾನ್ಯವಾಗಿ ೧೦ ಕೋಟಿ ಹರ್ಟ್ಸ್. ಅದನ್ನು ಒಂದು ಗೋಪುರದ ನೆರೆಯಲ್ಲಿರುವ ನೂರಾರು ಮಂದಿ ಹಂಚಿಕೊಳ್ಳಬೇಕು. ಒಂದೇ ಒಂದು ಗಾಜಿನ ಎಳೆಯಲ್ಲಿ ಸಾಮಾನ್ಯವಾಗಿ ಬಳಸುವ ಪಟ್ಟಿಯ ಅಗಲವು ೪ ಲಕ್ಷ ಕೋಟಿ ಹರ್ಟ್ಸನ್ನು ಮೀರುವುದು. ಎಂದರೆ ನಲವತ್ತು ಸಾವಿರ ಪಟ್ಟು ಹೆಚ್ಚು. ಗೋಪುರವೂ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಬುಡಕ್ಕೆ ದ್ಯುತಿತಂತು ಬರಲೇಬೇಕು. ಹೀಗಿರಲು ರೇಡಿಯೋ ಅಲೆಯು ದ್ಯುತಿತಂತುವಿನ ಸಹಾಯಕನಾಗಬಹುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಗಾಜಿನ ಬೆಲೆ ಕಡಮೆ, ಶಕ್ತಿ ಅಪಾರ. ಹೆಚ್ಚಿನ ವೆಚ್ಚ ಬೀಳುವುದು ನೆಲವನ್ನು ಅಗೆಯುವುದಕ್ಕೆ, ಅನುಮತಿ ಪಡೆಯುವುದಕ್ಕೆ, ಅಗೆದುದನ್ನು ಮುಚ್ಚುವುದಕ್ಕೆ. ಒಂದೊಂದು ಸಂಸ್ಥೆಯೂ ತನ್ನ ಕೇಬಲ್ಲಿಗಾಗಿ ಬೇರೆಬೇರೆಯಾಗಿ ರಸ್ತೆ ಅಗೆದರೆ ವೆಚ್ಚವು ಹೆಚ್ಚುವುದಲ್ಲದೆ, ಲಾಭವಿಲ್ಲದ ಓಣಿಗಳಿಗೆ ಯಾರೂ ಹೋಗುವುದಿಲ್ಲ. ಬೆಂಗಳೂರಿನ ನಡುಭಾಗದಲ್ಲಿ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ನಿರ್ಮಿಸಿದ ಕೆಲವು ರಸ್ತೆಗಳಲ್ಲಿ ನೀರು, ವಿದ್ಯುತ್ತು, ದೂರಸಂಪರ್ಕಗಳಿಗೆ ಕಾಲುದಾರಿಯ ಕೆಳಗೆ ಮೊದಲೇ ಕೊಳವೆಗಳನ್ನು ಹಾಕಲಾಗಿದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರವು ೧೯೯೪ರಲ್ಲಿ ಸ್ಟೋಕಾಬ್ ಎಂಬ ನಗರಸಂಸ್ಥೆಯನ್ನೇ ಸ್ಥಾಪಿಸಿ, ದ್ಯುತಿತಂತುಗಳನ್ನು ತಾನೇ ಹಾಕಿ, ಎಲ್ಲ ಕಂಪೆನಿಗಳಿಗೂ ಬಾಡಿಗೆಗೆ ಕೊಡುತ್ತ ಬಂದಿದೆ. ರಸ್ತೆ ಸಾರ್ವಜನಿಕರದು, ಅದರ ಮೇಲೆ ಓಡುವ ಬಸ್ಸುಗಳು ಯಾರದಾದರೂ ಇರಬಹುದು. ಅದೇ ನ್ಯಾಯವನ್ನು ಇಲ್ಲಿಗೂ ಅನ್ವಯಿಸಬಹುದು.

ಸರ್ಕಾರವು ಕೈಹಾಕಿದ ಮಾತ್ರಕ್ಕೆ ಎಲ್ಲವೂ ಸುಗಮವಾಗುವುದೆಂದು ನಾನು ಹೇಳುವುದಿಲ್ಲ. ನೆರೆಯ ಕೇರಳವು ಕೆ-ಫೋನ್ ಎಂಬ ತನ್ನದೇ ಜಾಲವನ್ನು ೨೦೨೩ರ ಜೂನ್ ೫ರಂದು ಉದ್ಘಾಟಿಸಿತು. ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕವೆಂಬುದು ಗುರಿ. ಮೊದಲ ಹಂತಕ್ಕೆ ಆರಿಸಿಕೊಂಡುದು ೧೪,೦೦೦ ಮನೆಗಳನ್ನು. ಘೋಷಣೆಯಿಂದ ಮನೆಬಾಗಿಲಿಗೆ ಬಹಳ ದೂರ. ಆದಕಾರಣ ಸರ್ಕಾರವು ಎಲ್ಲವನ್ನೂ ತಾನೇ ಮಾಡಹೊರಡದೆ, ಇತರರು ಮಾಡಲಾರದ ಮೂರು ಕೆಲಸಗಳನ್ನು ಮಾಡಿದರೆ ಸಾಕೆಂದು ನನ್ನ ಅಭಿಪ್ರಾಯ.

ಮೊದಲನೆಯದು, ಕೊಳವೆಯಿಲ್ಲದೆ ರಸ್ತೆಯಿಲ್ಲವೆಂಬ ನಿಯಮ. ೨೦೨೫ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ನಗರ ಪಾಲಿಕೆಗಳಾಗಿದೆ. ಯಲಹಂಕದ ಭಾಗವು ಉತ್ತರ ಪಾಲಿಕೆಗೆ ಸೇರಿದೆ. ಹೊಸ ಪಾಲಿಕೆಯು ಮಾಡುವ ಪ್ರತಿಯೊಂದು ರಸ್ತೆಯ ಕೆಳಗೂ ಸಾರ್ವಜನಿಕ ಕೊಳವೆಯನ್ನು ಇರಿಸಿ ಸಮಾನ ದರದಲ್ಲಿ ಎಲ್ಲರಿಗೂ ಬಾಡಿಗೆಗೆ ಕೊಡಲಿ. ಎರಡನೆಯದು, ಬಡವರ ಪಾಲಿನ ವೆಚ್ಚ. ದೂರಸಂಪರ್ಕ ಸಂಸ್ಥೆಗಳ ವರಮಾನದ ಒಂದು ಭಾಗದಿಂದ ಬೆಳೆಯುವ ಡಿಜಿಟಲ್ ಭಾರತ್ ನಿಧಿಯನ್ನು, ೨೦೨೩ರ ದೂರಸಂಪರ್ಕ ಕಾಯಿದೆಯಂತೆ, ಹಳ್ಳಿಗಳಿಗಲ್ಲದೆ ಸೌಲಭ್ಯವಂಚಿತ ನಗರಭಾಗಗಳಿಗೂ ಬಳಸಬಹುದು. ಓಣಿಗಳ ಮನೆಗಳಿಗೂ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ, ಬಡಾವಣೆಯ ಗ್ರಂಥಾಲಯಗಳಿಗೂ ಅದರಿಂದ ನೆರವು ದೊರೆಯಲಿ. ಮೂರನೆಯದು, ಅಳತೆ. ಕೇಬಲ್ಲಿನ ಕಿಲೋಮೀಟರುಗಳನ್ನೂ ಪಂಚಾಯಿತಿಗಳ ಸಂಖ್ಯೆಯನ್ನೂ ಪ್ರಕಟಿಸಿದಂತೆ, ಸಂಜೆ ಎಂಟು ಗಂಟೆಗೆ ಮನೆಯ ಮೇಜಿನ ಬಳಿ ದೊರೆಯುವ ವೇಗವನ್ನು ವಾರ್ಡುವಾರು ಅಳೆದು ಪ್ರಕಟಿಸಲಿ.

ಮೂರನೆಯ ಕೆಲಸಕ್ಕೆ ವಿದ್ಯಾರ್ಥಿಗಳು ಸರ್ಕಾರಕ್ಕಾಗಿ ಕಾಯಬೇಕಾದುದಿಲ್ಲ. ವೇಗವನ್ನು ಅಳೆಯುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಒಂದು ತಿಂಗಳ ಕಾಲ ದಿನವೂ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಅಳೆದು ಬರೆದಿಡಿ. ವೈಫೈ ದೋಷವನ್ನು ಬೇರ್ಪಡಿಸಲು ಸಾಧ್ಯವಾದಲ್ಲಿ ಯಂತ್ರವನ್ನು ತಂತಿಯಿಂದಲೇ ಜೋಡಿಸಿ. ಮನೆಯಲ್ಲಿ ಸಂಪರ್ಕವಿಲ್ಲದವರು ಸೊನ್ನೆಯೆಂದು ಬರೆಯಲಿ. ಸೊನ್ನೆಯೂ ಒಂದು ಅಳತೆ, ಅದನ್ನು ಬಿಟ್ಟು ಸರಾಸರಿ ತೆಗೆದರೆ ಲೆಕ್ಕ ಸುಳ್ಳಾಗುವುದು. ಒಂದು ತರಗತಿಯ ಅರವತ್ತು ಮಂದಿ ಹೀಗೆ ಮಾಡಿದರೆ ನಿಮ್ಮ ಬಡಾವಣೆಯ ನಿಜವಾದ ನಕ್ಷೆಯೊಂದು ಸಿದ್ಧವಾಗುವುದು. ಅದನ್ನು ನಿಮ್ಮ ಪಾಲಿಕೆಗೂ ಶಾಸಕರಿಗೂ ಕಳುಹಿಸಿ, ಐವತ್ತು ಮೆಗಾಬಿಟ್ ಎಲ್ಲಿ ಎಂದು ಕೇಳಿ.